ದಸ್ತಿಯ ಕೆಳಗೆ ಎರಡು ಪದವಿ

ಹುಮನಾಬಾದಿನ ದನದ ಸಂತೆಯಲ್ಲಿ ನನ್ನಂಥ ದಲಾಲ ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಹೇಳುವವರೆಲ್ಲ ಮಣ್ಣಿಗೆ ಹೋದರು. ನಮ್ಮಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ದಲಾಲ ಹೆಗಲ ಮೇಲಿನ ದಸ್ತಿಯನ್ನು, ಅಂದರೆ ಟವೆಲನ್ನು, ತನ್ನ ಕೈಗೆ ಹೊದಿಸುತ್ತಾನೆ. ಮಾರುವವನೂ ಕೊಳ್ಳುವವನೂ ಸರದಿಯಂತೆ ಅದರ ಕೆಳಗೆ ಅವನ ಬೆರಳು ಹಿಡಿಯುತ್ತಾರೆ. ಎಷ್ಟು ಬೆರಳೋ ಅಷ್ಟು ಬೆಲೆ. ದಸ್ತಿ ಎತ್ತಿ ದಲಾಲ ಆಡಿದ ಮಾತೇ ಕೊನೆ. ಒಮ್ಮೆ ಒಬ್ಬನ ಎತ್ತಿನ ಕೋಡಿಗೆ ಬಣ್ಣ ಬಳಿದು ಅವನಿಗೇ ಮಾರಲು ನಿಂತಿದ್ದೆ. ಅವನು ಹೊಗಳಿ ಹೊಗಳಿ ಚೌಕಾಶಿಗೆ ಇಳಿದಿದ್ದ. ಈಗಲೂ ನಾನು ಕಂಡರೆ ಜನ ಮೊದಲು ತಮ್ಮ ದನದ ಕೋಡು ನೋಡಿಕೊಳ್ಳುತ್ತಾರೆ.

ಕಳೆದ ಬೇಸಿಗೆಯಿಂದ ನನ್ನ ಬಲಗೈ ಬೆರಳುಗಳಿಗೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಒಂದು ವ್ಯಾಪಾರದಲ್ಲಿ ತಪ್ಪು ಬೆಲೆ ಕೂಗಿದೆ. ಬೆರಳು ಸತ್ತಿವೆ ಎಂದು ಅಲ್ಲೇ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕು ಚಹಾ ಕೊಡಿಸಿದರು. ಮತ್ತೆ ಯಾರಿಗೂ ಹೇಳಲಿಲ್ಲ.

ಬಸವಕಲ್ಯಾಣದ ಮನೆಯಲ್ಲಿ ಆಗ ಬೇರೆಯೇ ಜಗಳ. ಮೊಮ್ಮಗಳು ನರವಿಜ್ಞಾನ ಮತ್ತು ಸಾರ್ವಜನಿಕ ನೀತಿ, ಎರಡರಲ್ಲೂ ಒಟ್ಟಿಗೇ ಸ್ನಾತಕೋತ್ತರ ಪದವಿ ಮಾಡಲು ಹೊರಟಿದ್ದಳು. ಮೊದಲು ಪ್ರಯೋಗಾಲಯ, ಆಮೇಲೆ ಕಾನೂನು ಮತ್ತು ಬಜೆಟ್ಟು, ರಜೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರ, ಕೊನೆಗೆ ಎರಡೂ ವಿಭಾಗಗಳಿಗೆ ಸಲ್ಲುವ ಒಂದೇ ಪ್ರಬಂಧ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಇದರ ಮೂಲ ನನ್ನ ಹೆಂಡತಿ. ನಾರಾಯಣಪುರದ ಹೊಲದಲ್ಲಿ ಅವಳಿಗೆ ಲಕ್ವಾ ಹೊಡೆದಾಗ, ಬಿಸಿಲು ಬಡಿದಿದೆ ಎಂದು ನಾವು ಮಜ್ಜಿಗೆ ಕುಡಿಸುತ್ತ ಕೂತಿದ್ದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾತು ಹೋಗಿತ್ತು. ಆಮೇಲೆ ಅವಳೂ ಹೋದಳು.

ಮೊಮ್ಮಗಳ ಅಪ್ಪ, ಅಂದರೆ ನನ್ನ ಮಗ, ಒಂದೇ ಸಾಕು ಎನ್ನುತ್ತಿದ್ದ. ಎರಡನ್ನೂ ಹಿಡಿದರೆ ಡಾಕ್ಟರೂ ಅಲ್ಲ, ಅಧಿಕಾರಿಯೂ ಅಲ್ಲ, ನಡುವೆ ಉಳಿದುಬಿಡುತ್ತಾಳೆ ಎಂಬುದು ಅವನ ಭಯ.

“ಒಂದು ಓದಿದ್ರ ನರ ಎಲ್ಲಿ ಕೆಟ್ಟದಂತ ತಿಳೀತದ ಅಪ್ಪಾ,” ಎಂದಳು ಅವಳು. “ಮಂದಿ ಡಾಕ್ಟರ್ ತನಕ ಯಾಕ ಮುಟ್ಟಂಗಿಲ್ಲಂತ ತಿಳೀಲಾಕ ಇನ್ನೊಂದು ಬೇಕು.”

ಅರ್ಜಿ ಕಳಿಸುವ ಹಿಂದಿನ ಸಂಜೆಯೂ ಜಗಳ ಮುಗಿಯಲಿಲ್ಲ. ಹಾಗಾದರೆ ಸಂತೆಯ ರೀತಿಯಲ್ಲೇ ತೀರಿಸೋಣ, ಎಷ್ಟು ಪದವಿಯೋ ಅಷ್ಟು ಬೆರಳು ಹಿಡಿಯಿರಿ ಎಂದು ನಾನು ಕೈಮೇಲೆ ದಸ್ತಿ ಹೊದಿಸಿದೆ. ಬೆರಳು ಸತ್ತರೇನು, ಮುಖ ನೋಡಿಯೇ ಬೆಲೆ ಹೇಳಬಲ್ಲೆ ಎಂಬ ಸೊಕ್ಕು ನನಗೆ. ಮಗ ಕೈ ಹಾಕಿದ. ಅವನದು ಒಂದು, ಅದನ್ನು ತಿಳಿಯಲು ಬೆರಳು ಬೇಡ. ಆಮೇಲೆ ಅವಳು ಕೈ ಹಾಕಿದಳು. ಅವಳ ಹಟ ನನಗೆ ಗೊತ್ತು. ದಸ್ತಿ ಎತ್ತಿ, ಹುಡುಗಿ ಎರಡಕ್ಕೇ ನಿಂತಿದ್ದಾಳೆ, ವ್ಯಾಪಾರ ಎರಡಕ್ಕೇ ಎಂದು ಸಾರಿದೆ.

“ನಾ ಒಂದ ಹಿಡದಿದ್ದೆ, ಮುತ್ಯಾ,” ಎಂದಳು ಸಣ್ಣಗೆ. ಅಪ್ಪನ ಮುಖ ನೋಡಲಾರದೆ ಸೋತಿದ್ದಳು.

ಮುದುಕ ಮತ್ತೆ ಚೇಷ್ಟೆ ಶುರು ಮಾಡಿದ ಎಂದು ಮಗ ನಕ್ಕ. ಅವಳು ನಗಲಿಲ್ಲ. ದಸ್ತಿಯನ್ನು ಮತ್ತೆ ನನ್ನ ಕೈಮೇಲೆ ಎಳೆದು, ತನ್ನ ಕೈಯನ್ನೂ ಒಳಗೆ ತೂರಿಸಿದಳು.

“ಈಗ ಎಷ್ಟು ಹಿಡದೀನಿ?”

ಅವಳ ಕಣ್ಣು ನೋಡಿದೆ. ಮೂರು ಎಂದೆ.

“ನಾ ನಿನ್ನ ಕೈ ಮುಟ್ಟೇ ಇಲ್ಲ, ಮುತ್ಯಾ.”

ಮಗನ ನಗು ನಿಂತಿತು. ಯಾಕೆ ಹೇಳಲಿಲ್ಲ ಎಂದು ಕೇಳಿದ.

“ಹೇಳೀನಿ,” ಎಂದೆ. “ಸಂತ್ಯಾಗ ಎಲ್ಲಾರ ಮುಂದ ಹೇಳೀನಿ. ಚಾ ಕುಡಿಸಿ ಕಳಿಸ್ಯಾರ.”

ಅವನು ದಸ್ತಿಯನ್ನು ತೆಗೆದು, ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತ, ತಿಳಿಯುತ್ತದೆಯೇ ಎಂದು ಕೇಳುತ್ತ ಹೋದ. ಏನಾದರೂ ತಮಾಷೆ ಮಾಡಬೇಕೆಂದುಕೊಂಡೆ. ಪ್ರತಿ ಬೆರಳಿಗೂ ಇಲ್ಲ ಎಂದಷ್ಟೇ ಹೇಳಿದೆ. ಕಿರುಬೆರಳಿಗೆ ಬಂದಾಗ ಅವನು ನನ್ನ ಕೈ ಬಿಡದೆ ಮಗಳ ಕಡೆ ತಿರುಗಿದ.

“ದಲಾಲ ಹೇಳಿಬಿಟ್ಟಾನ,” ಎಂದ. “ಎರಡೂ ಓದು. ನಾಳೆ ಮುಂಜಾನೆ ಮೊದಲು ಇವ್ನ ದವಾಖಾನಿಗಿ ಕರ್ಕೊಂಡು ಹೋಗಮು.”