ಅವ್ವ ಕೊಟ್ಟ ರಾಗಿ

ಸ್ಕ್ಯಾನಿಂಗ್ ಮಾಡುತ್ತಿದ್ದ ಡಾಕ್ಟರಮ್ಮ ನಗುನಗುತ್ತಾ ಹೊಟ್ಟೆಯಲ್ಲಿ ಎರಡು ಮಕ್ಕಳಿವೆ ಅಂದಾಗ ನನಗೆ ಖುಷಿಯಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೆದರಿಕೆಯಾಯಿತು. ಆ ಮಂಚದ ಮೇಲೆ ಮಲಗಿದ್ದ ಹಾಗೇ ವಾರದ ಅಂಗಡಿ ಚೀಟಿ ನೆನಪಾಯಿತು. ಹಾಲು ಇನ್ನೊಂದು ಲೀಟರ್, ಅಕ್ಕಿ ಇನ್ನೆರಡು ಕೆಜಿ, ಸೋಪು ಎಷ್ಟಾಗುತ್ತೋ ದೇವರಿಗೇ ಗೊತ್ತು. ಹೊರಗೆ ಬಂದು ಗಂಡನಿಗೆ ಹೇಳಿದೆ. ಅವರು ಕಾಫಿ ಕುಡಿಯೋಣ ಬಾ ಅಂದರು. ಅವರಿಗೂ ಹೆದರಿಕೆಯಾಗಿದೆ ಅಂತ ಗೊತ್ತಾಯಿತು.

ನಮ್ಮದು ವಾರದ ಸಂಸಾರ. ಗಂಡ ಮಂಡ್ಯದ ಒಂದು ಲೇತ್ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ, ಬಟವಾಡೆ ಶನಿವಾರ ಸಂಜೆ. ಭಾನುವಾರ ಬೆಳಿಗ್ಗೆ ನಾನು ಚೀಟಿ ಹಿಡಿದು ಪೇಟೆ ಬೀದಿಯ ದಿನಸಿ ಅಂಗಡಿಗೆ ಹೋಗುತ್ತೇನೆ. ಮದುವೆಯಾದ ಹೊಸತರಲ್ಲಿ ಆ ಚೀಟಿ ಅಂಗೈಯಗಲ ಇತ್ತು. ಮಗಳು ಹುಟ್ಟಿದಳು, ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೆ ಬಂದರು, ಆಮೇಲೆ ಈ ಅವಳಿ ಗಂಡುಮಕ್ಕಳು. ಚೀಟಿ ಹಾಳೆಯ ಹಿಂಬದಿಗೂ ಹೋಯಿತು. ಅಂಗಡಿಯವರು ಕ್ಯಾಲ್ಕುಲೇಟರ್ ಒತ್ತುವಾಗ ನಾನು ಅವರ ಬೆರಳನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ದುಡ್ಡು ಸಾಲದಿದ್ದರೆ ಯಾವುದನ್ನು ವಾಪಸ್ ಕೊಡಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಿದ್ದೆ. ಒಂದು ಸಲ ಎಣ್ಣೆ ಪ್ಯಾಕೆಟ್ ವಾಪಸ್ ಕೊಟ್ಟಾಗ ಹಿಂದೆ ನಿಂತಿದ್ದ ಹೆಂಗಸು ನನ್ನನ್ನು ಕಾಲಿಂದ ತಲೆಯವರೆಗೂ ನೋಡಿದಳು. ಅವಳ ಗಂಟೇನು ಹೋಗಿತ್ತೋ. ಮನೆಗೆ ಬರುವ ದಾರಿಯುದ್ದಕ್ಕೂ ಅವಳನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಆ ಚೀಟಿಯಲ್ಲಿ ಒಂದು ಸಾಮಾನು ಮಾತ್ರ ಯಾವತ್ತೂ ಇರುತ್ತಿರಲಿಲ್ಲ. ಅದು ರಾಗಿ. ರಾಗಿಯನ್ನು ನನಗೆ ಅವ್ವ ಕೊಡುತ್ತಿದ್ದಳು.

ನನ್ನ ತವರು ಮಳವಳ್ಳಿಯಿಂದಾಚೆ, ಪೂರಿಗಾಲಿ ಕಡೆಯ ಒಂದು ಹಳ್ಳಿ. ಅಣ್ಣ ಒಂದೂವರೆ ಎಕರೆಯಲ್ಲಿ ರಾಗಿ ಬೆಳೆಯುತ್ತಾನೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನನಗೆ ಧೈರ್ಯ ಬಂತು. ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ, ಅಲ್ಲಿಂದ ಊರಿನ ಬಸ್ಸು. ಎರಡು ವಾರಕ್ಕೊಮ್ಮೆ ಅವ್ವನನ್ನು ನೋಡುವ ನೆಪ. ಅತ್ತಿಗೆ ದನಕ್ಕೆ ನೀರು ಕುಡಿಸಲು ಹಿತ್ತಲಿಗೆ ಹೋದಾಗ ಅವ್ವ ನಡುಮನೆಯ ಚೀಲದಿಂದ ನಾಲ್ಕೈದು ಸೇರು ಅಳೆದು ನನ್ನ ಬ್ಯಾಗಿಗೆ ಸುರಿದು, ಮೇಲೆ ನನ್ನದೇ ಸೀರೆ ಮುಚ್ಚಿಬಿಡುತ್ತಿದ್ದಳು. ಕೇಳಿದ್ದರೆ ಅಣ್ಣ ಬೇಡ ಅನ್ನುತ್ತಿರಲಿಲ್ಲ. ಆದರೆ ಕೇಳುವುದಕ್ಕೆ ನನಗೆ ಬಾಯಿಲ್ಲ. ಮೂರು ಮಕ್ಕಳನ್ನು ಹೆತ್ತು ಸಾಕಲಾರದೆ ತವರಿಗೆ ಕೈಯೊಡ್ಡಿದಳು ಅಂತ ಅತ್ತಿಗೆಯ ಕೈಲಿ ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಹಾಗಾಗಿ ಕೊಡುವುದನ್ನು ಅವ್ವ ಮುಚ್ಚಿಟ್ಟಳು, ತರುವುದನ್ನು ನಾನು ಮುಚ್ಚಿಟ್ಟೆ. ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಇದೇನೂ ಹೊಸದಲ್ಲ.

ಅವ್ವನ ಕಣ್ಣು ಮಂಜಾಗುತ್ತಿರುವುದು ನನಗೆ ಗೊತ್ತಿತ್ತು. ಲೋಟಕ್ಕೆ ಕಾಫಿ ಬಗ್ಗಿಸಿದರೆ ಅರ್ಧ ನೆಲಕ್ಕೆ ಬೀಳುತ್ತಿತ್ತು. ನಾನು ಬಾಗಿಲಲ್ಲಿ ನಿಂತರೆ ಮುಖ ನೋಡದೆ ದನಿ ಬರಲಿ ಅಂತ ಕಾಯುತ್ತಿದ್ದಳು. ನೋಡಿದೆ, ನೋಡಿಯೂ ಸುಮ್ಮನಾದೆ. ಗೊತ್ತು ಅಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗುತ್ತಿತ್ತಲ್ಲ.

ಆಷಾಢದ ಒಂದು ಭಾನುವಾರ ಹಾಗೇ ಹೋಗಿ ಬಂದೆ. ಬ್ಯಾಗಿನಲ್ಲಿ ಐದು ಸೇರು ರಾಗಿ. ಅದರಲ್ಲಿ ಒಂದು ಸೇರನ್ನು ಮಕ್ಕಳ ಸರಿಹಿಟ್ಟಿಗೆ ಅಂತ ತೆಗೆದಿಟ್ಟೆ. ಅವಳಿಗಳಿಗೆ ಆಗ ಒಂಬತ್ತು ತಿಂಗಳು, ಡಬ್ಬಿಯ ಪುಡಿ ಕೊಳ್ಳುವ ಯೋಗ್ಯತೆ ನಮಗಿಲ್ಲ. ಆ ರಾಗಿಯನ್ನು ನಾಲ್ಕು ನೀರು ತೊಳೆದೆ, ನೆನೆಹಾಕಿದೆ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಒಣಗಿಸಿದೆ. ತೊಳೆದ ನೀರು ಯಾವತ್ತಿಗಿಂತ ಕೆಂಪಗಿತ್ತು. ಮಣ್ಣಿರಬೇಕು ಅಂದುಕೊಂಡೆ. ಉಳಿದ ನಾಲ್ಕು ಸೇರನ್ನು ತೊಳೆಯದೆ ಸೋಮವಾರ ಮಿಲ್ಲಿಗೆ ಕೊಟ್ಟೆ. ಮುದ್ದೆ ತಿರುವುವಾಗ ಏನೋ ಒಂದು ಘಾಟು ಮೂಗಿಗೆ ಬಡಿಯಿತು. ಚೀಲದ ವಾಸನೆ ಇರಬಹುದು ಅಂದುಕೊಂಡೆ. ಅತ್ತೆ ಕೂಡ ಮೂಸಿ ನೋಡಿ ಏನೂ ಹೇಳದೆ ಉಂಡರು. ಹಾಗೆ ವಾರವಿಡೀ ಮನೆಯವರೆಲ್ಲ ಆ ಹಿಟ್ಟಿನ ಮುದ್ದೆ ಉಂಡೆವು. ಮಗಳು ರೊಟ್ಟಿ ತಿಂದುಕೊಂಡು ಶಾಲೆಗೆ ಹೋದಳು. ಗುರುವಾರದಿಂದ ಅವಳಿಗಳಿಗೂ ಸರಿ ಕಾಯಿಸಿ ತಿನ್ನಿಸಿದೆ.

ಶುಕ್ರವಾರ ಬೆಳಿಗ್ಗೆ ಅವಳಿಗಳಲ್ಲಿ ಚಿಕ್ಕವನಿಗೆ ಎರಡು ಸಲ ಭೇದಿಯಾಯಿತು. ಹಲ್ಲು ಬರುವ ಹೊತ್ತು ಅಂದರು ಅತ್ತೆ. ಮಧ್ಯಾಹ್ನದ ಊಟಕ್ಕೆ ಎಸರಿಟ್ಟಿದ್ದೆ, ಫೋನು ಬಂತು. ಅಣ್ಣ.

“ಅಮ್ಮಿ, ಅವ್ವ ನಿಂಗೇನಾರ ರಾಗಿ ಕೊಟ್ಟಿದ್ಲಾ?”

ಇಲ್ಲವಲ್ಲ ಅಂದೆ. ಯೋಚಿಸಿ ಹೇಳಿದ್ದಲ್ಲ. ಆ ಸುಳ್ಳು ಎಷ್ಟೋ ದಿನದಿಂದ ನಾಲಿಗೆಯ ತುದಿಯಲ್ಲೇ ತಯಾರಾಗಿ ಕೂತಿತ್ತು.

“ಬದುಕ್ದೆ ಬುಡು. ಬಿತ್ನೆ ರಾಗಿಗೆ ಔಸ್ದಿ ಕಲ್ಸಿ ಇಟ್ಟಿದ್ದೆ. ಈಗ್ ನೋಡುದ್ರೆ ಅರ್ಧಕ್ಕರ್ಧ ಇಲ್ಲ. ಅವ್ವನ್ನ ಕೇಳುದ್ರೆ ನಾ ಮುಟ್ಟಿಲ್ಲ ಅಂತವ್ಳೆ. ಯಾವನ್ ಒತ್ಕೊಂಡ್ ಓದ್ನೋ, ತಿಂದ್ರೆ ಅವ್ನ್ ಕತೆ ಅಷ್ಟೇಯ.”

ಅಷ್ಟು ಹೇಳಿ ಫೋನು ಇಟ್ಟುಬಿಟ್ಟ. ಎಸರು ಕುದಿಯುತ್ತಿತ್ತು. ಪಕ್ಕದಲ್ಲಿ ಹಿಟ್ಟಿನ ಡಬ್ಬ. ಅಡುಗೆಮನೆಯ ಗೋಡೆಗೆ ಒರಗಿ ನಿಂತೆ. ಈಗ ಬರೆಯುವುದನ್ನು ನಾನು ಯಾರಿಗೂ ಹೇಳಿಲ್ಲ. ಹಾಗೆ ನಿಂತಿದ್ದ ಐದು ನಿಮಿಷ ನಾನು ಯೋಚಿಸಿದ್ದು ಮಕ್ಕಳ ವಿಷಯವಲ್ಲ, ಅತ್ತಿಗೆಯ ವಿಷಯ. ಅಣ್ಣನಿಗೆ ವಾಪಸ್ ಫೋನು ಮಾಡದೆ ಹಿಟ್ಟನ್ನು ಚರಂಡಿಗೆ ಸುರಿದುಬಿಟ್ಟರೆ ಹೇಗೆ, ಏನೂ ಆಗದೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಇದು ನಾನು ಯೋಚಿಸಿದ್ದು. ಅಂಥ ತಾಯಿ ನಾನು. ಒಳಗಿನಿಂದ ಚಿಕ್ಕವನು ಅತ್ತ. ಅವನ ಅಳು ಕೇಳಿದ ಮೇಲೆ ನನಗೆ ನಿಜವಾದ ಭಯ ಶುರುವಾಯಿತು.

ಅತ್ತೆಯ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಮುಖವನ್ನೂ ನೋಡಲಿಲ್ಲ. ಎದ್ದು ಸ್ಟೌ ಆರಿಸಿ, ದೊಡ್ಡವನನ್ನು ಕಂಕುಳಿಗೆ ಹಾಕಿಕೊಂಡು, “ಎತ್ಕೊ ಅವನ್ನ, ನಡಿ” ಅಂದರು. ದಾರಿಯಲ್ಲಿ ಆಟೋ ನಿಲ್ಲಿಸಿ ಶಾಲೆಯಿಂದ ಮಗಳನ್ನೂ ಹತ್ತಿಸಿಕೊಂಡೆವು. ಗಂಡನಿಗೆ ಫೋನು ಮಾಡಿ, ಊಟದ ಡಬ್ಬಿ ತೆಗೆಯಬೇಡಿ, ಆಸ್ಪತ್ರೆಗೆ ಬನ್ನಿ ಅಂದೆ. ಊಟ ಆಗಲೇ ಆಯಿತಲ್ಲ, ಯಾಕೆ, ಅಂತ ಅವರು ಕೇಳಿದರು.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಮೊದಲು ಕೇಳಿದ್ದೇ ಔಷಧಿಯ ಹೆಸರು. ಗೊತ್ತಿಲ್ಲ ಅಂದೆ. ಹೆಸರು ಗೊತ್ತಿಲ್ಲದೆ ನಾನು ಏನಂತ ಚಿಕಿತ್ಸೆ ಕೊಡಲಿ, ಯಾರು ಬೆರೆಸಿದರೋ ಅವರನ್ನು ಕೇಳಿ ಅಂದರು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅವರ ಎದುರಿಗೇ ಅಣ್ಣನಿಗೆ ಫೋನು ಹಚ್ಚಿದೆ.

“ಅಣ್ಣ, ಆ ರಾಗಿ ನನ್ನತ್ರ ಇತ್ತು. ಮಕ್ಳೂ ತಿಂದವೆ.”

ಬೈಯಲಿ ಅಂತ ಕಾಯುತ್ತಿದ್ದೆ, ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಮೇಲೆ ಅವನು ಹೊಲದಿಂದ ಮನೆಗೆ ಓಡುತ್ತಿರುವ ಏದುಸಿರು ಕೇಳಿಸಿತು. ಪ್ಯಾಕೆಟ್ಟು ಸಿಕ್ಕಿದ ಮೇಲೆ ಅದರ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದ, ಡಾಕ್ಟರು ಬರೆದುಕೊಂಡರು. ಹಿಂದಿನ ಶನಿವಾರ ಮೋಡ ಕಟ್ಟಿದ್ದನ್ನು ನೋಡಿ ನಾಳೆಯೇ ಬಿತ್ತಬಹುದು ಅಂತ ಬೆರೆಸಿದ್ದನಂತೆ. ಮಳೆ ಬರಲಿಲ್ಲ, ಚೀಲ ನಡುಮನೆಯಲ್ಲೇ ಉಳಿಯಿತು. ಶುಕ್ರವಾರ ಹದ ಸಿಕ್ಕಿ ಬಿತ್ತಲು ಚೀಲ ಎತ್ತಿದಾಗಲೇ ಅದು ಹಗುರವಾಗಿದ್ದು ಗೊತ್ತಾಗಿದ್ದು.

ಐದು ಜನರಿಗೂ ರಕ್ತ ತೆಗೆದರು, ನನಗೂ ಸೇರಿ ಆರು. ಅವಳಿಗಳಿಬ್ಬರನ್ನೂ ಒಂದೇ ಮಂಚದಲ್ಲಿ ಮಲಗಿಸಿದರು. ಅಷ್ಟು ಚಿಕ್ಕ ಕೈಯಲ್ಲಿ ನರ ಸಿಗದೆ ನರ್ಸಮ್ಮ ಮೂರು ಸಲ ಸೂಜಿ ಚುಚ್ಚಿದರು. ನಾನು ಕಾಲು ಹಿಡಿದುಕೊಂಡಿದ್ದೆ. ಮಗಳು ಮೂಲೆಯ ಬೆಂಚಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಯಾರೋ ಪಕ್ಕದ ಮಂಚದವರು ಏನಾಯಿತು ಅಂತ ಕೇಳಿದಾಗ ಅತ್ತೆ, ಅವರಜ್ಜಿ ಕೊಟ್ಟ ರಾಗಿ ತಿಂದು ಹೀಗಾಯಿತು ಅಂದರು. ಮಗಳಿಗೆ ಐದು ವರ್ಷ, ಅವಳಿಗೇನು ತಿಳಿಯುತ್ತೆ ಅಂದುಕೊಂಡು ನಾನು ಸುಮ್ಮನಿದ್ದೆ.

ಸಂಜೆ ಅಣ್ಣ ಅತ್ತಿಗೆ ಬೈಕಿನಲ್ಲಿ ಬಂದರು. ಅವ್ವ ಎಲ್ಲಿ ಅಂದೆ. ನಡುಮನೆಯ ಬಾಗಿಲಲ್ಲಿ ಕೂತವಳು ಎದ್ದಿಲ್ಲ, ಪಕ್ಕದ ಮನೆಯವರನ್ನು ಜೊತೆಗೆ ಬಿಟ್ಟು ಬಂದಿದ್ದೇವೆ ಅಂದ ಅಣ್ಣ. ಅತ್ತಿಗೆ ನನ್ನನ್ನು ವಾರ್ಡಿನ ಹೊರಗೆ ಕರೆದಳು. ಈಗ ಬಂತು ಅಂದುಕೊಂಡೆ. ಕಳ್ಳಿ ಅನ್ನಲಿ, ಏನು ಬೇಕಾದರೂ ಅನ್ನಲಿ, ನನ್ನ ಮಕ್ಕಳು ಉಳಿದರೆ ಸಾಕು ಅಂತ ತಲೆ ತಗ್ಗಿಸಿ ನಿಂತೆ.

“ನಿಮ್ಮವ್ವ ನಿಂಗೆ ರಾಗಿ ಕೊಡೋದು ನಂಗೊತ್ತಿಲ್ಲ ಅನ್ಕೊಂಡಿದ್ಯಾ ಅಮ್ಮಿ?” ಅಂದಳು. “ಅವ್ರಿಗೆ ಕಣ್ಣು ಕಾಣಾಕಿಲ್ಲ ಅಂತ ನಾನೇ ತಿನ್ನೋ ರಾಗಿ ಚೀಲನ ಬಾಗ್ಲು ಮಗ್ಗುಲಿಗೆ ಇಕ್ತಿದ್ದೆ. ನೀನು ಬಂದಾಗ ಹಿತ್ಲಿಗೆ ಓಯ್ತಿದ್ದುದೂ ಅದ್ಕೇಯ. ಆವತ್ತು ನಿಮ್ಮಣ್ಣ ಆ ಜಾಗಕ್ಕೆ ಬಿತ್ನೇದು ಇಟ್ಟವ್ರೆ, ನಾನು ನೋಡ್ನಿಲ್ಲ. ಒಂದ್ ಮಾತು ಯೋಳ್ಬೋದಾಗಿತ್ತು. ಯೋಳುದ್ರೆ ಅವ್ರಿಗೆ ನಾಚ್ಕೆ ಆಯ್ತದೆ ಅಂತ ಸುಮ್ಕಿದ್ದೆ.”

ಅವಳು ಅತ್ತಳು. ನನಗೆ ಅಳು ಬರಲಿಲ್ಲ, ಮೈಯೆಲ್ಲಾ ಉರಿಯಿತು. ಇಷ್ಟು ದಿನ ಯಾರ ಕಣ್ಣು ತಪ್ಪಿಸುತ್ತೇವೆ ಅಂದುಕೊಂಡಿದ್ದೆವೋ ಅವಳೇ ದಾರಿ ಬಿಟ್ಟುಕೊಟ್ಟಿದ್ದಳು. ಬಾಯಿಬಿಟ್ಟು ಒಂದು ಮಾತು ಅಂದಿದ್ದರೆ ಏನಾಗುತ್ತಿತ್ತು ನಿನಗೆ ಅಂತ ಕೂಗಬೇಕೆನಿಸಿತು. ಆದರೆ ಬಾಯಿಬಿಡದೇ ಇದ್ದವಳು ಅವಳೊಬ್ಬಳೇ ಅಲ್ಲವಲ್ಲ. ಅವಳ ಕೈ ಹಿಡಿದುಕೊಂಡು ವಾರ್ಡಿಗೆ ವಾಪಸ್ ಬಂದೆ.

ಯಾರ ರಕ್ತದಲ್ಲೂ ದೋಷ ಕಾಣದೆ ಮೂರನೇ ದಿನ ಡಾಕ್ಟರು ಮನೆಗೆ ಕಳಿಸಿದರು. ಸರಿಹಿಟ್ಟಿನ ರಾಗಿಯನ್ನು ಅಷ್ಟು ನೀರು ತೊಳೆದದ್ದು ಒಳ್ಳೆಯದಾಯಿತು, ಚಿಕ್ಕವನ ಭೇದಿಗೆ ಅದೇ ಕಾರಣ ಅಂತಲೂ ಹೇಳಲಾಗದು, ಆದರೂ ಒಂದು ತಿಂಗಳು ಕಣ್ಣಿಟ್ಟಿರಿ ಅಂದರು. ಒಂದು ತಿಂಗಳಲ್ಲ, ನಾನು ಇವತ್ತಿಗೂ ಕಣ್ಣಿಟ್ಟಿದ್ದೇನೆ. ಚಿಕ್ಕವನು ಒಂದು ಸಲ ಕೆಮ್ಮಿದರೆ ಎದ್ದು ಕೂರುತ್ತೇನೆ. ಈಗ ಚೀಟಿಯಲ್ಲಿ ಮೊದಲು ಬರೆಯುವುದೇ ರಾಗಿ. ಅದಕ್ಕಾಗಿ ಕಡಲೆಬೇಳೆ ಬಿಟ್ಟೆ, ಸೋಪು ಕಡಿಮೆ ಮಾಡಿದೆ. ಹೊಸ ಹಿಟ್ಟು ಬಂದ ದಿನ ಮೊದಲು ನಾನೊಬ್ಬಳೇ ಉಂಡು, ಮಾರನೆಯ ದಿನ ಮನೆಯವರಿಗೆ ಬಡಿಸುತ್ತೇನೆ.

ದಸರಾ ಕಳೆದ ಮೇಲೆ ಅಣ್ಣ ಅವ್ವನ ಕಣ್ಣಿನ ಆಪರೇಷನ್ ಮಾಡಿಸಿದ. ಕಪ್ಪು ಕನ್ನಡಕ ತೆಗೆದ ವಾರಕ್ಕೆ ಅವಳು ಮೊಮ್ಮಕ್ಕಳನ್ನು ನೋಡಬೇಕು ಅಂತ ಅತ್ತಿಗೆಯ ಜೊತೆ ಬಂದಳು. ಯಾವತ್ತೂ ಮಡಿಲು ತುಂಬಾ ಏನಾದರೂ ತರುತ್ತಿದ್ದವಳು ಆವತ್ತು ಬರಿಗೈಯಲ್ಲಿ ಬಂದಿದ್ದಳು. ಹೊಸ್ತಿಲಲ್ಲೇ ಕೂತು ಅವಳಿಗಳನ್ನು ಒಬ್ಬೊಬ್ಬರಾಗಿ ಹತ್ತಿರ ಎಳೆದುಕೊಂಡು ಮೂಗು, ಕಣ್ಣು, ಸೂಜಿ ಚುಚ್ಚಿದ ಕೈ ಎಲ್ಲಾ ನೋಡಿದಳು. ಇವ್ನು ನಮ್ಮಪ್ಪನಂಗೇ ಅವ್ನೆ ಅಂದಳು. ಆ ಮಕ್ಕಳನ್ನು ಅವಳು ಸರಿಯಾಗಿ ಕಂಡಿದ್ದು ಅದೇ ಮೊದಲು.

ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಮಾಡಿದ್ದೆ. ಎಲ್ಲರೂ ಸಾಲಾಗಿ ಕೂತರು. ಅವ್ವ ನನ್ನ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದಳು. ಎಲ್ಲರೂ ಮುದ್ದೆ ಮುರಿದರು, ಮಗಳು ಮಾತ್ರ ತಟ್ಟೆ ಮುಟ್ಟಲಿಲ್ಲ. ಮುದ್ದೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

“ಅಮ್ಮ, ಇದು ಅಜ್ಜಿ ಕೊಟ್ಟಿದ್ದಾ, ಅಂಗಡೀದಾ?”

ಅತ್ತೆ ತಲೆ ತಗ್ಗಿಸಿದರು. ಅತ್ತಿಗೆ ಸಾರಿನ ಸೌಟು ಹಿಡಿದುಕೊಂಡು ಹಾಗೇ ಕೂತಳು. ಅವ್ವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟು ಮೊಮ್ಮಗಳ ಮುಖವನ್ನು ನೋಡಿದಳು, ಈಗ ಅವಳಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.

“ಅಂಗಡೀದು ಕಣ್ ಮಗ,” ಅಂದಳು. “ತಿನ್ನು.”

ಮಗಳು ನನ್ನ ಕಡೆ ತಿರುಗಿದಳು. ನಾನು ಹೂಂ ಅಂದೆ. ಆಮೇಲೆ ತಿಂದಳು.