ಮೀಟರಕ್ಕನ ಕಣ್ಣು, ನನ್ನ ಮಾಸ್ಕು

ನಮ್ಮ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಎಲ್ಲರೂ ಮೀಟರಕ್ಕ ಎಂದೇ ಕರೆಯುವ ಒಬ್ಬರಿದ್ದಾರೆ. ಇಪ್ಪತ್ತಾರು ವರ್ಷದಿಂದ ಅದೇ ಮೇಜು, ಅದೇ ಎತ್ತರದ ಸ್ಟೂಲು. ಉಸಿರಾಟದ ಯಂತ್ರಗಳಿಗೆ ಹೋಗುವ ಪವರ್ ಬೋರ್ಡುಗಳು ಅವರ ಸಹಿಯಿಲ್ಲದೆ ಹೊರಗೆ ಕಾಲಿಡುವುದಿಲ್ಲ. ಮುಳ್ಳಿನ ಮೀಟರುಗಳ ಕಾಲದಲ್ಲಿ, ಮುಳ್ಳು ಕೂದಲೆಳೆಯಷ್ಟು ನಡುಗಿದರೂ ಬೋರ್ಡನ್ನು ಪಕ್ಕಕ್ಕಿಡುತ್ತಿದ್ದರಂತೆ. ಆಮೇಲೆ ಕಂಪ್ಯೂಟರ್ ಹೇಳಿದಂತೆ ಕೇಳುವ ಉಪಕರಣಗಳು ಬಂದವು. ಅವಕ್ಕೆ ಪ್ರೋಗ್ರಾಂ ಬರೆಯಲು ನಾನು ಬಂದೆ. ಅಕ್ಕ ನನ್ನನ್ನು ಕರೆಯುವುದು "ಪಂಡಿತ" ಎಂದು. ಹೊಗಳಿಕೆ ಇರಬೇಕೆಂದು ಮೊದಲ ತಿಂಗಳೆಲ್ಲ ಬೀಗಿದ್ದೆ.

ಕಳೆದ ತಿಂಗಳು ಒಂದು ಸೋಮವಾರ ಹನ್ನೊಂದು ಬೋರ್ಡುಗಳು ವಾಪಸ್ ಬಂದವು. ಬಿಸಿಯೇರಿದಾಗ ಒಂದು ಕ್ಷಣ ಮಿತಿಮೀರಿ ಕರೆಂಟ್ ಎಳೆಯುತ್ತವೆ, ಮರುಕ್ಷಣವೇ ಏನೂ ಆಗಿಲ್ಲವೆಂಬಂತೆ ತೆಪ್ಪಗಾಗುತ್ತವೆ. ಯಂತ್ರ ಜೋಡಿಸುವವರ ಕೈಯಲ್ಲೇ ಸಿಕ್ಕಿಬಿದ್ದದ್ದು ಪುಣ್ಯ. ಹನ್ನೊಂದರ ಮೇಲೂ ಅಕ್ಕನ ಸಹಿ.

ಮ್ಯಾನೇಜರ್ ಮೇಜಿನ ಬಳಿಗೇ ಬಂದರು. "ವಯಸ್ಸಾಯ್ತಲ್ಲಕ್ಕ, ಕಣ್ಣು ಮೊದಲಿನ ಹಾಗಿರಲ್ಲ. ಮುಂದಿನ ಸೋಮವಾರದಿಂದ ಪ್ಯಾಕಿಂಗ್ ಕಡೆ ಕೂತ್ಕೊಳ್ಳಿ."

ಮಾತಿಗೆ ಮಾತು ಕೊಡದೆ ಬಿಡುವವರೇ ಅಲ್ಲ ಅಕ್ಕ. ಅಂದು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಇರಬಹುದು ಸಾರ್" ಎಂದುಬಿಟ್ಟರು.

ನಾನು ಅಕ್ಕನ ಕಡೆ ನೋಡದೆ ಪರದೆಯತ್ತ ತಿರುಗಿದೆ. ಕಾರಣವಿತ್ತು. ಉಪಕರಣದೊಳಗೆ ಸ್ಟೇಟಸ್ ರಿಜಿಸ್ಟರ್ ಎಂಬ ಪುಟ್ಟ ಮನೆಗಳ ಸಾಲಿದೆ. ಏನಾದರೂ ಎಡವಟ್ಟಾದರೆ ಅದಕ್ಕೆಂದೇ ಇರುವ ಮನೆಯಲ್ಲಿ ಸೊನ್ನೆ ಹೋಗಿ ಒಂದು ಕೂರುತ್ತದೆ. ಯಾವ ಮನೆಯ ದೂರಿಗೆ ಪರೀಕ್ಷೆ ನಿಲ್ಲಿಸಬೇಕು, ಯಾವುದಕ್ಕೆ ಕಿವುಡಾಗಬೇಕು ಎಂದು ತೀರ್ಮಾನಿಸುವುದು ಮಾಸ್ಕ್. ಸ್ವಿಚ್ ಹಾಕಿದ ಕೂಡಲೇ ಪ್ರತಿ ಬೋರ್ಡೂ ಒಮ್ಮೆ ಗಬಕ್ಕನೆ ಕರೆಂಟ್ ಎಳೆಯುವುದು ಸಹಜ. ಅಷ್ಟಕ್ಕೇ ಗಂಟೆ ಬಾರಿಸಿ ಪರೀಕ್ಷೆ ನಿಲ್ಲುತ್ತಿತ್ತು. ಆ ದೂರನ್ನು ಮಾಸ್ಕಿನಲ್ಲಿ ಎರಡು ಸೆಕೆಂಡು ಮುಚ್ಚಿ ಮತ್ತೆ ತೆರೆಯಬೇಕಿತ್ತು. ನಾನು ಮುಚ್ಚುವ ಸಾಲು ಬರೆದೆ, ಊಟಕ್ಕೆ ಹೋದೆ.

ಅಂದಿನಿಂದ ಕೆಟ್ಟ ಬೋರ್ಡು ಬಂದಾಗಲೆಲ್ಲ ಉಪಕರಣ ತಪ್ಪದೆ ಗುರುತು ಹಾಕಿದೆ. ಕೇಳುವವರಿಲ್ಲ. ಮುಂದಿನ ಬೋರ್ಡಿಗೆ ನನ್ನ ಪ್ರೋಗ್ರಾಮೇ ಆ ಗುರುತನ್ನು ಒರೆಸಿದೆ. ಪರದೆಯಲ್ಲಿ ಪಾಸಾದ ಗುರುತಿನ ಹಸಿರು ಕಂಡ ಅಕ್ಕ ಸಹಿ ಹಾಕಿದ್ದಾರೆ.

ಶುಕ್ರವಾರ ಎರಡು ಸೆಕೆಂಡಿಗೆ ಮಾಸ್ಕ್ ತೆರೆಯುವಂತೆ ತಿದ್ದಿ, ವಾಪಸ್ ಬಂದ ಬೋರ್ಡೊಂದನ್ನು ಕೂರಿಸಿದೆ. ಆರನೇ ನಿಮಿಷಕ್ಕೆ ಗಂಟೆ ಹೊಡೆಯಿತು. ಅಕ್ಕ ತಿರುಗಿ ನೋಡಿದರು.

"ಅಕ್ಕ, ನಿಮ್ಮ ಕಣ್ಣಿನ ತಪ್ಪಲ್ಲ. ನಂದು" ಎಂದು ಎಲ್ಲ ಹೇಳಿದೆ.

"ಯಾವಾಗ ಮುಚ್ಚಿದ್ದು?"

"ಮೂರು ವಾರ ಆಯ್ತು."

"ಸೂಜಿಗೆ ದಾರ ಪೋಣಿಸೋಕೂ ಮಗಳನ್ನ ಕರೀತಿದ್ದೀನಿ ಕಣೋ, ಕುರುಡಿ ಆಗ್ಬಿಟ್ಟೆ ಅಂತ. ನೀನು ಎದುರಿಗೇ ಕೂತು ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಇವತ್ತೇ ಗೊತ್ತಾಗಿದ್ದು ಅಕ್ಕ."

ಅರ್ಧ ಸುಳ್ಳು. ಅನುಮಾನ ಸೋಮವಾರವೇ ಬಂದಿತ್ತು. ಧೈರ್ಯ ಬರುವಷ್ಟರಲ್ಲಿ ಶುಕ್ರವಾರವಾಗಿತ್ತು.

"ನಡಿ ಮ್ಯಾನೇಜರ್ ಹತ್ರ. ನೀನೇ ಹೇಳು. ಪ್ರೋಗ್ರಾಮಲ್ಲಿ ಏನೋ ತೊಂದರೆ ಅಂತ ರಾಗ ಎಳೆದ್ಯೋ, ನೋಡು!"

ರಾಗ ಎಳೆಯಲಿಲ್ಲ. ಮುಚ್ಚಿದ್ದು ನಾನು, ತೆರೆಯಲು ಮರೆತದ್ದೂ ನಾನು ಎಂದೆ. ಮ್ಯಾನೇಜರ್ ಅಕ್ಕನ ಕಡೆ ತಿರುಗಿ ಹೇಳಿದರು: "ನಿಮ್ಮ ಮೇಜು ನಿಮಗೇ ಅಕ್ಕ. ತಪ್ಪು ತಿಳೀಬೇಡಿ."

"ಮೇಜು ಹಾಗಿರ್ಲಿ ಸಾರ್. ಮೂರು ವಾರದಲ್ಲಿ ಹೋಗಿರೋದನ್ನೆಲ್ಲ ಮೊದಲು ವಾಪಸ್ ತರ್ಸಿ. ಅದರ ಮೇಲಿರೋದು ನನ್ನ ಹೆಸರು."

ಹೋದವು ಇನ್ನೂರ ನಾಲ್ಕು. ಒಂಬತ್ತು ಇನ್ನೂ ಬಂದಿಲ್ಲ. ದಿನವೂ ಬೆಳಿಗ್ಗೆ ಬಂದವರೇ ಅಕ್ಕ ಕೇಳುವ ಮೊದಲ ಮಾತು ಅವುಗಳದ್ದೇ.

ಮೇಜು ಅವರಿಗೇ ಉಳಿಯಿತು. ಆದರೆ ಈಗ ಸಹಿ ಹಾಕುವ ಮುನ್ನ ಪೆನ್ನು ಹಿಡಿದ ಕೈ ನಿಲ್ಲುತ್ತದೆ. ಪಕ್ಕದ ಮೇಜಿನವರನ್ನು ಕರೆದು, "ಇದು ಹಸಿರೇ ಅಲ್ವಾ?" ಎಂದು ಕೇಳುತ್ತಾರೆ. ನಾನು ಎರಡು ಮೊಳ ದೂರದಲ್ಲೇ ಇರುತ್ತೇನೆ. ನನ್ನನ್ನು ಕೇಳುವುದಿಲ್ಲ.