ರೇಣವ್ವ ಕೊರೆದ ಅಕ್ಷರಗಳು

ದೇವಳಾಲಿಯ ಮಿಲಿಟರಿ ಕ್ಯಾಂಪಿನಲ್ಲಿ ಸದಾನಂದನ ಬರಹಕ್ಕೆ ಹೆಸರಿತ್ತು. ವರ್ಗವಾಗಿ ಹೋಗುವ ಸೈನಿಕರ ಟ್ರಂಕುಗಳ ಮೇಲೆ ಅವರ ಹೆಸರು, ನಂಬರು ಬರೆಯುವುದು ಅವನ ಕಸುಬು. ಹೋದ ವರ್ಷ ಬಿಡಕಿನ್ ಎಂಬ ಊರಿನಲ್ಲಿ ಗೋಡೆಯ ಮೇಲೆ ಜಾಹೀರಾತು ಬರೆಯಲು ಹೋದವನು ಅಟ್ಟಣಿಗೆಯಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡ. ಎಲುಬು ಕೂಡಿತು, ಬೆರಳಿನ ನಡುಕ ನಿಲ್ಲಲಿಲ್ಲ.

ಹೆಂಡತಿ ರೇಣವ್ವ ಗಾರೆ ಕೆಲಸಕ್ಕೆ ಹೋಗುತ್ತಿದ್ದವಳು. ಅಕ್ಷರ ಕೊರೆದ ಹಾಳೆಯನ್ನು ಟ್ರಂಕಿನ ಮೇಲಿಟ್ಟು ಬಣ್ಣ ಒತ್ತಲು ನಡುಗುವ ಕೈಯೂ ಸಾಕೆಂದು ಅವಳಿಗೆ ಹೊಳೆಯಿತು. ಗಂಡನಿಗೆ ಅದು ಸೇರಲಿಲ್ಲ.

"ಅಚ್ಚು ಒತ್ತೂದು ಪೇಂಟರ್ ಕೆಲಸಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಮನೆಯಲ್ಲಿದ್ದ ತೆಳು ಪ್ಲಾಸ್ಟಿಕ್ ಎಂದರೆ ಅವನ ಕೈಯ ಎಕ್ಸ್‌ರೇ ಹಾಳೆ. ಅದರ ಮೇಲೆ ಝೆರಾಕ್ಸ್ ಮಾಡಿಸಿದ ಅಕ್ಷರ ಅಂಟಿಸಿ ಕೊರೆಯಲು ಕೂತಳು. ಕತ್ತರಿ ಅಕ್ಷರದ ಒಳಗೆ ಇಳಿಯಲೇ ಇಲ್ಲ. ಗಡ್ಡದ ಬ್ಲೇಡು ಬಾಗಿ ಅವಳ ಬೆರಳನ್ನೇ ಕೊಯ್ದಿತು. ಹೇಗೋ ಕೊರೆದು ಬಣ್ಣ ಒತ್ತಿದರೆ, ಅದು ಹರಕು ಅಂಚಿನ ಕೆಳಗೆ ಹರಿದು ಅಕ್ಷರಗಳಿಗೆಲ್ಲ ಮೀಸೆ ಮೂಡಿತು.

ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವಳು ಹಾರ್ಡ್‌ವೇರ್ ಅಂಗಡಿಗೆ ಹೋದಳು. ಅಂಗಡಿಯ ಸಂಗಮನಾಥ ಬೀದರದವರು. ಎಕ್ಸ್‌ರೇ ಹಾಳೆಯಲ್ಲಿ ಅಕ್ಷರ ಕೊರೆಯಬೇಕೆಂದು ಹೇಳಿ ಅವಳು ದೊಡ್ಡ ಕಟರ್ ಎತ್ತಿಕೊಂಡಾಗ ತಡೆದರು.

"ಅದು ರಟ್ಟಿಗೆ ಛಲೋರಿ, ವೈನಿ. ನಿಮಗ ಈ ಸಣ್ಣದು, ಚೂಪು ತುದೀದು ಬೇಕು. ಕೆಳಗ ಗಾಜು ಇಡ್ರಿ. ಒಮ್ಮೆಗೇ ಒತ್ತಬ್ಯಾಡ್ರಿ, ಹಗೂರ ಮತ್ತ ಮತ್ತ ಎಳೀರಿ."

"ಅಕ್ಷರ ಡೊಂಕು ಇದ್ದಲ್ಲಿ ಹ್ಯಾಂಗ್ರಿ?"

"ಚಾಕು ತಿರುಗಸಬ್ಯಾಡ್ರಿ. ಹಾಳೆ ತಿರುಗಸ್ರಿ."

ನೇರ ಗೆರೆಗೆಂದು ಒಂದು ಉಕ್ಕಿನ ಪಟ್ಟಿಯನ್ನೂ ಕೊಟ್ಟರು. ಪ್ಲಾಸ್ಟಿಕ್ಕಿನದಾದರೆ ಚಾಕು ಪಟ್ಟಿಯನ್ನೇ ಹೆರೆಯುತ್ತದೆ ಎಂದರು.

ದವಾಖಾನೆಯಿಂದ ಹಳೆಯ ಎಕ್ಸ್‌ರೇ ಹಾಳೆಗಳನ್ನು ಕೇಳಿ ತಂದು ರೇಣವ್ವ ಕೈ ಪಳಗಿಸಿಕೊಂಡಳು. ಅಂಚು ನುಣುಪಾಗಿ ಬರತೊಡಗಿತು. ಆದರೆ ಒಬ್ಬ ಹವಾಲ್ದಾರನ ಹೆಸರು ಕೊರೆಯುವಾಗ ಇಂಗ್ಲಿಷಿನ 'ಆರ್' ಅಕ್ಷರದ ಒಳಗಿನ ತುಂಡು ಉದುರಿ ಬಿತ್ತು. ಇನ್ನೊಂದು ಕೊರೆದಳು, ಅದೂ ಬಿತ್ತು.

ಹಾಸಿಗೆಯಿಂದಲೇ ನೋಡುತ್ತಿದ್ದ ಸದಾನಂದ ಎದ್ದು ಬಂದ.

"ಹೊಟ್ಟಿ ಉದುರತೈತಿ ನೋಡು. ಅದನ್ನ ಹಿಡಿದಿರಾಕ ನಡುವ ಎರಡು ಎಳಿ ಕೊರೀದಂಗ ಬಿಡಬೇಕು."

"ಅಲ್ಲಿ ಬಣ್ಣ ಹತ್ತೂದಿಲ್ಲಲ್ರಿ?"

"ಒಣಗಿದ ಮ್ಯಾಲ ಕುಂಚದಿಂದ ಮುಚ್ಚಿದರಾತು."

ಪೆನ್ಸಿಲ್ ತೆಗೆದುಕೊಂಡು ಎಳೆ ಬಿಡಬೇಕಾದ ಜಾಗ ಗುರುತು ಮಾಡಿದ. ಗೆರೆ ನಡುಗಿತ್ತು, ಜಾಗ ಸರಿಯಾಗಿತ್ತು. ಅವಳು ಕೊರೆದಳು. ಬಣ್ಣ ಒತ್ತಲು, ಅವಳು ಹೇಳುವ ಮೊದಲೇ, ಅವನೇ ಕೂತ.

ಟ್ರಂಕು ಒಯ್ಯಲು ಬಂದ ಹವಾಲ್ದಾರ ಅಕ್ಷರಗಳ ಮೇಲೆ ಬೆರಳಾಡಿಸಿ, ಕೈ ಪೂರಾ ಗುಣವಾಯಿತೇ ಎಂದು ಹಿಂದಿಯಲ್ಲಿ ಕೇಳಿದ. ಸದಾನಂದ ಹೆಂಡತಿಯ ಕಡೆ ತೋರಿಸಿ, "ಕಟಾಯಿ ಇಸ್ಕೀ ಹೈ ಸಾಬ್," ಎಂದ, ಕೊರೆದದ್ದು ಇವಳೆಂದು.

ರೇಣವ್ವ ಈಗ ಗಾರೆ ಕೆಲಸ ಬಿಟ್ಟು ಮನೆಯಲ್ಲೇ ಅಕ್ಷರ ಕೊರೆಯುತ್ತಾಳೆ. ಗಿರಾಕಿಗಳು ಬಂದರೆ ಮಾತ್ರ ಕುರ್ಚಿ ಎಳೆದುಕೊಂಡು ಮಾತಿಗೆ ಕೂರುವವನು ಸದಾನಂದನೇ.